ಒಂಬತ್ತನೆಯ ಹಾಳೆ

ಫಕೀರಪ್ಪನವರ ನೋಟ್‌ಬುಕ್ ಕಾರ್ಖಾನೆಯ ಮಳೆದಿನಕ್ಕೆ ಇನ್ನು ಇಪ್ಪತ್ತೆರಡು ದಿನ ಉಳಿದಿದ್ದಾಗ ಅವರು ನನ್ನನ್ನೂ ನೀಲಾಂಬಿಕೆಯನ್ನೂ ಒಟ್ಟಿಗೇ ಕರೆಸಿದರು. ಒಟ್ಟಿಗೇ ಕರೆಸಿದ್ದೇ ನನಗೆ ಹಿಡಿಸಲಿಲ್ಲ. ಹತ್ತೊಂಬತ್ತು ವರ್ಷ ಆ ಮಾಳಿಗೆಗೆ ಲೇಪ ಹಚ್ಚಿದವಳು ನಾನೊಬ್ಬಳೇ. ನಾನು ಹೋಗುವಷ್ಟರಲ್ಲಿ ಅವಳು ಆಗಲೇ ಕೂತಿದ್ದಳು, ಕೈಯಲ್ಲಿದ್ದ ಚಹಾದ ಲೋಟ ಅರ್ಧ ಖಾಲಿಯಾಗಿತ್ತು. ಅಂದರೆ ಐದು ನಿಮಿಷವಾದರೂ ಮಾತು ನಡೆದಿದೆ ಎಂದುಕೊಂಡೆ. ಅವಳು ಕೂತಿದ್ದು ಕೈಯಿರುವ ಕುರ್ಚಿ. ನನಗೆ ಸಿಕ್ಕಿದ್ದು ಸ್ಟೂಲು.

ನಮ್ಮೂರಿನಲ್ಲಿ ಪ್ರತಿ ಮಾಳಿಗೆಗೂ ಅದರದೇ ಮಳೆ. ಸ್ಲ್ಯಾಬ್ ಹಾಕಿದ ತಾರೀಖಿಗೆ, ವರ್ಷಕ್ಕೊಮ್ಮೆ, ಬೆಳಗಿನಿಂದ ದೀಪ ಹಚ್ಚುವ ಹೊತ್ತಿನ ತನಕ, ಆ ವರ್ಷದ ಅಷ್ಟೂ ಮಳೆ ಆ ಒಂದು ಮಾಳಿಗೆಯ ಮೇಲೆ ಸುರಿದು ನಿಲ್ಲುತ್ತದೆ. ಪಕ್ಕದ ಅಂಗಡಿಯ ಮುಂದೆ ಮೆಣಸಿನಕಾಯಿಗಳು ತಮ್ಮ ಪಾಡಿಗೆ ಒಣಗುತ್ತಿರುತ್ತವೆ. ಮನೆಗಳ ಮಳೆ ಸಣ್ಣದು. ಮನೆಯವರೇ ಎರಡು ಕೊಡ ಇಟ್ಟು ಸುಧಾರಿಸಿಕೊಳ್ಳುತ್ತಾರೆ. ಅಂಗಡಿ, ಗೋದಾಮು, ಕಾರ್ಖಾನೆಗಳ ಮಳೆ ಹಾಗಲ್ಲ. ಅವಕ್ಕೆ ನಮ್ಮಂಥವರು ಬೇಕು. ತೊಳೆದು, ಕೆರೆದು, ಬಿರುಕು ತುಂಬಿ, ಒಣಗಿಸಿ, ಆಮೇಲೆ ಲೇಪ ಆರಿಸಿ ಹಚ್ಚುವವರು.

ಗ್ಯಾರಂಟಿ ಕಾಗದ ಬರೆದುಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮಳೆದಿನ ಆ ಮಾಳಿಗೆಯನ್ನು ಮುಟ್ಟಿದವರೆಲ್ಲ ಅದರ ಕೆಳಗೆ ಬಂದು ಕೂರಬೇಕು, ಅಷ್ಟೇ. ಲೇಪ ಹಚ್ಚಿದವರು ಎಲ್ಲಕ್ಕಿಂತ ದುರ್ಬಲ ಎನಿಸಿದ ಜಾಗದ ಕೆಳಗೆ. ಸಂಜೆ ಮಳೆ ನಿಂತ ಮೇಲೆ ಮಾಲೀಕರು ಬಾಗಿಲು ತೆರೆದು, ಬೀದಿಯಲ್ಲಿ ನಿಂತ ಜನರಿಗೂ ಕೇಳುವಂತೆ, ‘ಹನಿ ಯಾರದು?’ ಎಂದು ಕೇಳುತ್ತಾರೆ. ಹನಿ ಬೀಳದಿದ್ದರೆ ಎಲ್ಲರೂ ಸುಮ್ಮನಿರುತ್ತಾರೆ. ಆ ಮೌನಕ್ಕೆ ಬೀದಿ ಚಪ್ಪಾಳೆ ತಟ್ಟುತ್ತದೆ. ಬಿದ್ದಿದ್ದರೆ ತಪ್ಪು ಯಾರದೋ ಅವರು ಎದ್ದು ‘ನನ್ನದು’ ಎನ್ನಬೇಕು. ಹಾಗೆಂದವರೇ ಅದನ್ನು ಸರಿಪಡಿಸಬೇಕು.

ಹೋದ ವರ್ಷ ಆ ಕಾರ್ಖಾನೆಯಲ್ಲಿ ಎದ್ದು ‘ನನ್ನದು’ ಅಂದವಳು ನಾನು.

"ನಾಕ್ನೂರು ಪುಸ್ತಕ ತೊಯ್ದು ಹಪ್ಪಳ ಆದ್ವಲ್ರೀ," ಎಂದರು ಫಕೀರಪ್ಪನವರು, ನನ್ನ ಕಡೆ ನೋಡದೆ. "ಕಸ್ತೂರಿ ಬಾಯಾರ, ನಿಮ್ಮಂಗ ಮಾಳಿಗಿ ತಯಾರ ಮಾಡೋರು ಈ ಊರಾಗ ಇನ್ನೊಬ್ಬರಿಲ್ಲ. ತಯಾರಿ ನೀವ ಮಾಡ್ರಿ. ಆದ್ರ ಲೇಪ ಈ ಸಲ ನೀಲಾಬಾಯಾರು ಆರಿಸ್ಲಿ, ಅವರ ಹಚ್ಚಲಿ."

"ಮರುದಿನಾನ ನಾ ಅದನ್ನ ಸರಿ ಮಾಡಿದ್ದೆ," ಎಂದೆ.

"ಮಾಡೀರಿ. ಇಲ್ಲ ಅಂದಿಲ್ಲ."

ನೀಲಾ ಲೋಟ ಕೆಳಗಿಟ್ಟು, "ಅಕ್ಕ ತಯಾರಿ ಮಾಡ್ತಾರ ಅಂದ್ರ ನನ್ನ ಅರ್ಧ ಕೆಲಸ ಮುಗದಂಗ," ಎಂದು ನಕ್ಕಳು. ಅವಳು ಈ ಊರಿಗೆ ಬಂದು ಎರಡು ವರ್ಷವಾಗಿತ್ತು. ಬಂದ ದಿನದಿಂದ ನನ್ನನ್ನು ಅಕ್ಕ ಎನ್ನುತ್ತಿದ್ದಳು. ನಕ್ಕರೆ ಅವಳ ಬಲಗೆನ್ನೆಯಲ್ಲಿ ಮಾತ್ರ ಕುಳಿ ಬೀಳುತ್ತಿತ್ತು. ಜನ ಮಾತಾಡುವಾಗ ಆ ಕಡೆಯೇ ಬಂದು ನಿಲ್ಲುವುದನ್ನು ನಾನು ಗಮನಿಸಿದ್ದೆ.

ಮಾಳಿಗೆಯ ತಯಾರಿ ಎಂದರೆ ಏನು ಎಂದು ಬೀದಿಯ ಜನಕ್ಕೆ ಗೊತ್ತಿಲ್ಲ. ಅವರು ನೋಡುವುದು ಕೊನೆಗೆ ಹೊಳೆಯುವ ಮೇಲ್ಮೈಯನ್ನು. ಅದರ ಕೆಳಗೆ ಯಾರು ಮಂಡಿಯೂರಿದ್ದರು ಎಂಬುದು ಲೇಪದ ಕೆಳಗೇ ಉಳಿಯುತ್ತದೆ. ನಾನೂ ದಾವಲಸಾಬನೂ ಎಂಟು ದಿನ ಮಂಡಿಯೂರಿದೆವು. ದಾವಲಸಾಬ ನನ್ನ ಜೊತೆ ಮೊದಲ ಮಾಳಿಗೆಯಿಂದಲೂ ಇದ್ದವನು. ಮಾಳಿಗೆ ತೊಳೆಯುವ ಪಂಪು ಹಿಡಿದರೆ ನೀರನ್ನು ಎಳೆ ಎಳೆಯಾಗಿ ಬಿಡುವಷ್ಟು ನಯಗಾರ. ಕೆರೆಯಬೇಕಾಗಿದ್ದು ನನ್ನದೇ ಬಿಳಿ ಲೇಪ. ಹತ್ತೊಂಬತ್ತು ವರ್ಷದ ಪದರಗಳು, ಒಂದರ ಮೇಲೊಂದು. ಉಳಿ ಕೊಟ್ಟರೆ ಚಪಾತಿಯ ಪದರದಂತೆ ಬಿಡಿಸಿಕೊಂಡು ಬರುತ್ತಿದ್ದವು.

"ಇದು ಯಾವ ಸಾಲಿಂದು, ಬಾಯಿ?" ಎಂದು ದಾವಲಸಾಬ ಕೇಳುತ್ತಿದ್ದ.

ನಾನು ಹೇಳುತ್ತಿದ್ದೆ. ಇದು ಬಲೆಬಟ್ಟೆ ಮೊದಲ ಸಲ ಒಳಗಿಟ್ಟು ಹಚ್ಚಿದ ವರ್ಷದ್ದು. ಇದು ಸಂಜೆ ತಂಡಿಯಲ್ಲಿ ಹಚ್ಚಿ ಸುಕ್ಕಾದದ್ದು. ಎಲ್ಲವನ್ನೂ ಗುರುತು ಹಿಡಿದೆ. ಗುರುತು ಹಿಡಿದು ಗೋಣಿಚೀಲಕ್ಕೆ ತುಂಬಿದೆ.

ನೀಲಾ ದಿನಕ್ಕೊಮ್ಮೆ ಬರುತ್ತಿದ್ದಳು. ಬಂದಾಗ ಸಿಳ್ಳೆ ಹಾಕುತ್ತ ಮೆಟ್ಟಿಲು ಹತ್ತುತ್ತಿದ್ದಳು. ನಾವು ತೆರವು ಮಾಡಿದ ಜಾಗದಲ್ಲಿ ಬಟ್ಟೆಯ ಪಟ್ಟಿಗಳನ್ನು ಮೂರು ಬಗೆಯ ಲೇಪದಿಂದ ಅಂಟಿಸಿ ಆರು ದಿನ ಒಣಗಲು ಬಿಟ್ಟಳು. ಆಮೇಲೆ ಫಕೀರಪ್ಪನವರನ್ನೂ, ಪುಸ್ತಕ ಹೊಲಿಯುವ ಹೆಂಗಸರ ಹಿರಿಯಳಾದ ಯಂಕವ್ವನನ್ನೂ ಮೇಲೆ ಕರೆತಂದು, ಪಟ್ಟಿಯ ತುದಿಗೆ ತೂಕದ ಕೊಕ್ಕೆ ಸಿಕ್ಕಿಸಿ ಎಳೆದು ತೋರಿಸಿದಳು.

"ಬಿಳಿ ಲೇಪ ಬಿಸಿಲಿಗೆ ಹೇಳಿ ಮಾಡಿಸಿದ್ದು. ಆದ್ರ ನೀರು ನಿಂತಲ್ಲಿ ತೋಯ್ಸಿದ ಅವಲಕ್ಕಿ ಆಗ್ತೈತಿ. ಡಾಂಬರದ್ದು ನೀರಿಗೆ ಬಗ್ಗೂದಿಲ್ಲ ಖರೆ, ಕರೀದು ನೋಡ್ರಿ, ಕೆಳಗ ಕೂತು ಹೊಲಿಯೋ ಇವರೆಲ್ಲ ಬೆಂದು ಬದನೀಕಾಯಿ ಆಗ್ತಾರ."

"ಈಗೇನು ನಾವು ಹಸೀ ಅದೀವೇನವ್ವಾ?" ಎಂದಳು ಯಂಕವ್ವ. ಎಲ್ಲರೂ ನಕ್ಕರು. ದಾವಲಸಾಬನೂ ನಕ್ಕ.

"ಇದು ಸಿಲಿಕೋನ್," ಎಂದು ನೀಲಾ ಮೂರನೆಯ ಪಟ್ಟಿಯನ್ನು ಎಳೆದಳು. ಹೋದ ವರ್ಷ ಸೋರಿದ, ನೀರು ನಿಲ್ಲುವ ತಗ್ಗಿನ ಮೂಲೆಯಲ್ಲಿ ನನ್ನ ಬಿಳಿ ಪಟ್ಟಿ ಮೂರು ಕಿಲೋ ಎಳೆತಕ್ಕೇ ಬಿಚ್ಚಿಕೊಂಡು ಬಂದಿತ್ತು. ಇವಳದು ಬರಲಿಲ್ಲ. ಎಳೆದೂ ಎಳೆದೂ ಕೊನೆಗೆ ಬಟ್ಟೆಯೇ ಹರಿಯಿತು. ಫಕೀರಪ್ಪನವರು "ಭಲೇ" ಎಂದರು. ಹತ್ತೊಂಬತ್ತು ವರ್ಷದಲ್ಲಿ ಅವರ ಬಾಯಿಂದ ನಾನು ಆ ಪದ ಕೇಳಿರಲಿಲ್ಲ.

ಸಿಲಿಕೋನಿಗೆ ಒಂದು ಗುಣವಿದೆ. ಅದನ್ನು ಒಮ್ಮೆ ಹಚ್ಚಿದರೆ ಆಮೇಲೆ ಆ ಮಾಳಿಗೆಗೆ ಸಿಲಿಕೋನ್ ಬಿಟ್ಟು ಬೇರೇನೂ ಹಿಡಿಯುವುದಿಲ್ಲ. ನನ್ನ ಬಿಳಿ ಲೇಪ ಅದರ ಮೇಲೆ ಎಣ್ಣೆಗೆ ಬಿದ್ದ ನೀರಿನಂತೆ ಜಾರಿ ಹೋಗುತ್ತದೆ. ಈ ಕಾರ್ಖಾನೆಯದು ನಾನು ಮೊದಲು ಹತ್ತಿದ ಮಾಳಿಗೆ. ಕಾಲೇಜಿನ ರಸಾಯನಶಾಸ್ತ್ರ ತಲೆಯಲ್ಲಿಟ್ಟುಕೊಂಡು, ಹೆಂಗಸಿಗೆ ಇದೆಲ್ಲ ಯಾಕೆ ಎಂದವರ ಎದುರಿಗೆ ಏಣಿ ಹಾಕಿದ ಮಾಳಿಗೆ. ಅದು ಇನ್ನು ಅವಳದಾಗುತ್ತದೆ, ನಾನು ಸತ್ತ ಮೇಲೂ. ಆ ಮಧ್ಯಾಹ್ನ ಊಟ ಮಾಡುವಾಗ ದಾವಲಸಾಬ ತನ್ನ ಚೀಲದಿಂದ ಎರಡು ಪೇರಲಹಣ್ಣು ತೆಗೆದು, ದೊಡ್ಡದನ್ನು ನೀಲಾಗೆ ಕೊಟ್ಟ. ಎರಡೂ ಒಂದೇ ಗಾತ್ರದವು ಇದ್ದಿರಬಹುದು. ನನಗೆ ಅವಳದೇ ದೊಡ್ಡದಾಗಿ ಕಂಡಿತು.

ಲೇಪಕ್ಕೆ ಮುಂಚಿನ ಕೊನೆಯ ಕೆಲಸ ಹಾಳೆ ಅಂಟಿಸುವುದು. ಮಾಳಿಗೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರಬಹುದು. ಅದಕ್ಕೆ ಮೊಳದಗಲದ ಪ್ಲಾಸ್ಟಿಕ್ ಹಾಳೆಗಳನ್ನು ಅಲ್ಲಲ್ಲಿ ಇಟ್ಟು, ನಾಲ್ಕೂ ಅಂಚಿಗೆ ಟೇಪು ಒತ್ತಿ ಒಂದು ದಿನ ಬಿಡುತ್ತೇವೆ. ಒಳಗೆ ಹಸಿ ಇದ್ದರೆ ಮರುದಿನ ಹಾಳೆಯ ಒಳಮೈಯಲ್ಲಿ ಬೆವರು ಕೂತಿರುತ್ತದೆ. ಆಗ ಲೇಪ ಹಚ್ಚಬಾರದು. ಹಚ್ಚಿದರೆ ಬಿಸಿಲಿಗೆ ಆ ಹಸಿ ಹಬೆಯಾಗಿ ಲೇಪವನ್ನು ಎತ್ತಿಹಿಡಿದು ಬೊಕ್ಕೆ ಎಬ್ಬಿಸುತ್ತದೆ. ನಾನು ಒಂಬತ್ತು ಹಾಳೆ ಅಂಟಿಸಿದೆ. ಒಂಬತ್ತನೆಯದು ತಗ್ಗಿನ ಮೂಲೆಯಲ್ಲಿ.

ಮಾರನೆಯ ದಿನ ಬಿಸಿಲೇರಿದ ಮೇಲೆ ಒಂದೊಂದಾಗಿ ಎತ್ತಿದೆ. ಎಂಟು ಒಣಗಿದ್ದವು. ಒಂಬತ್ತನೆಯದರ ಒಳಗೆ ಬೆವರಿತ್ತು. ಸಾಸಿವೆಯಷ್ಟು ಸಾಸಿವೆಯಷ್ಟು ಹನಿಗಳು, ಸಾಲಾಗಿ. ನನಗೆ ಆಗಲೇ ತಿಳಿಯಿತು ಇದು ಎಲ್ಲಿಯದೆಂದು. ಹೋದ ವರ್ಷ ಹನಿ ಬಿದ್ದ ಮರುದಿನವೇ, ಜನ ಮರೆಯಲಿ ಎಂಬ ಅವಸರಕ್ಕೆ, ಒಣಗಲು ಬಿಡದೆ ಅದರ ಮೇಲೆ ಬಿಳಿ ಹಚ್ಚಿ ಮುಚ್ಚಿದ್ದೆ. ಆ ನೀರು ಸ್ಲ್ಯಾಬಿನೊಳಗೆ ಒಂದು ವರ್ಷ ಕೂತಿತ್ತು.

ಮಳೆದಿನಕ್ಕೆ ಇನ್ನು ಹನ್ನೆರಡು ದಿನ ಇತ್ತು. ಬಿರುಕು ಬಿಡಿಸಿ ಐದಾರು ದಿನ ಬಿಸಿಲಿಗೆ ಬಿಟ್ಟಿದ್ದರೆ ಸಾಕಿತ್ತು. ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಮೆಟ್ಟಿಲಿನಲ್ಲಿ ಸಿಳ್ಳೆ ಕೇಳಿಸಿತು. ನಾನು ಸೆರಗಿನ ತುದಿಯಿಂದ ಹಾಳೆಯನ್ನು ಒರೆಸಿದೆ. ಎರಡು ಸಲ ಒರೆಸಿದೆ. ತಲೆ ಎತ್ತಿದರೆ ದಾವಲಸಾಬ ಪಂಪಿನ ಪೈಪು ಸುತ್ತುತ್ತಿದ್ದ. ಅವನ ಮುಖ ಆ ಕಡೆ ಇತ್ತು, ಕೈ ಮಾತ್ರ ನಿಂತಿತ್ತು.

"ಹೆಂಗೈತಿ ಅಕ್ಕಾ?" ಎಂದು ಕೇಳಿದಳು ನೀಲಾ.

"ಒಂಬತ್ತೂ ಹಾಳಿ ಒಣಗ್ಯಾವ ನೋಡು," ಎಂದೆ. ನಾನು ಮಾತನ್ನು ತೂಗಿ ಆಡುವವಳು. ಆ ಗಳಿಗೆಯಲ್ಲಿ ಹಾಳೆ ಒಣಗಿತ್ತು. ಮಾಳಿಗೆಯ ಬಗ್ಗೆ ನಾನು ಏನೂ ಹೇಳಲಿಲ್ಲ.

ಬೇರೆಯವರು ತಯಾರು ಮಾಡಿದ ಮಾಳಿಗೆಯಾದರೆ ಅವಳು ತಾನೇ ಇನ್ನೊಂದು ದಿನ ಹಾಳೆ ಅಂಟಿಸಿ ನೋಡುತ್ತಾಳೆ ಎಂದು ಕೇಳಿದ್ದೆ. ಅಂದು ಅವಳು ಬಗ್ಗಿ ಕೂಡ ನೋಡಲಿಲ್ಲ. "ನೀವು ನೋಡೀರಿ ಅಂದ್ರ ಮುಗೀತು," ಎಂದು ಡಬ್ಬಿ ತರಿಸಲು ಕೆಳಗಿಳಿದಳು.

ನನ್ನ ಯೋಚನೆ ಸರಳವಾಗಿತ್ತು. ಬೊಕ್ಕೆ ಏಳುತ್ತದೆ. ಎದ್ದಾಗ ಕಣ್ಣಿಗೆ ಬೀಳುವುದು ಲೇಪ, ತಯಾರಿಯಲ್ಲ. ನಮ್ಮೂರಿನಲ್ಲಿ ಅಂದಿನವರೆಗೆ ತಯಾರಿ ಮಾಡಿದವರು ಎದ್ದು ‘ನನ್ನದು’ ಎಂದ ಉದಾಹರಣೆಯೇ ಇರಲಿಲ್ಲ. ಯಾವಾಗಲೂ ಲೇಪ ಹಚ್ಚಿದವರೇ ಏಳುತ್ತಿದ್ದರು. ಅವಳೂ ಒಂದು ಸಲ ಏಳಲಿ.

ಆದರೆ ನಾಲ್ಕು ದಿನ ಅವಳು ಹಚ್ಚಿದ ರೀತಿ ನೋಡಿ ನನ್ನ ಹೊಟ್ಟೆಯ ಉರಿ ಬೇರೆಯೇ ಆಯಿತು. ಅವಳು ಸಿಲಿಕೋನನ್ನು ತಗ್ಗಿನ ಮೂಲೆಗೆ ಮಾತ್ರ ಹಚ್ಚಿದಳು, ಒಂದು ದೊಡ್ಡ ಚಾಪೆಯಷ್ಟು ಜಾಗಕ್ಕೆ. ಉಳಿದ ಇಡೀ ಮಾಳಿಗೆಗೆ ಬಿಳಿಯನ್ನೇ ಹಚ್ಚಿದಳು. ನನ್ನದೇ ಬಿಳಿ, ನಾನು ತರಿಸುವ ಅದೇ ಡಬ್ಬಿ.

"ಎಲ್ಲಾ ಕಡೆ ಸಿಲಿಕೋನ್ ಬಳದ್ರ ಮುಂದ ನಿಮ್ಮ ಲೇಪ ಹಿಡಿಯೂದಿಲ್ಲಲ್ಲಕ್ಕಾ," ಎಂದಳು, ರೋಲರು ಎಳೆಯುತ್ತ. "ಇಳಿಜಾರಿಗೆ ನಿಮ್ಮದ ಚಲೋ. ನೀರು ನಿಲ್ಲೋ ಕಡೆ ಅಷ್ಟ ನಂದು. ಮಾಳಿಗಿ ನಿಮ್ಮದ ಐತಿ, ನಾ ಒಂದು ತೇಪಿ ಹಾಕಿ ಹೋಗಾಕಿ."

ಒಳ್ಳೆಯತನವೂ ಅವಳಿಗೆ ನನಗಿಂತ ಮೊದಲು ಹೊಳೆದಿತ್ತು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. "ಅಂಚಿನಾಗ ತೆಳ್ಳಗ ಆಗೇತಿ," ಎಂದೆ. ಅವಳು ಹೋಗಿ ಅಂಚಿಗೆ ಇನ್ನೊಂದು ಕೈ ಎಳೆದಳು.

ಮಳೆದಿನಕ್ಕೆ ಐದು ದಿನ ಇದ್ದಾಗ ಮೊದಲ ಬೊಕ್ಕೆ ಎದ್ದಿತು, ನಿಂಬೆಹಣ್ಣಿನಷ್ಟು. ನಾನು ಬಿಟ್ಟುಹೋದ ಉಳಿ ಹುಡುಕುವ ನೆಪದಲ್ಲಿ ದಿನವೂ ಮೇಲೆ ಹೋಗಿ ನೋಡುತ್ತಿದ್ದೆ. ಮಧ್ಯಾಹ್ನಕ್ಕೆ ಉಬ್ಬುತ್ತಿತ್ತು, ಬೆಳಿಗ್ಗೆ ಸ್ವಲ್ಪ ಇಳಿದಿರುತ್ತಿತ್ತು, ಮಲಗಿದವರ ಹೊಟ್ಟೆಯಂತೆ. ಮೂರನೆಯ ದಿನ ಹೋದಾಗ ನೀಲಾ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಸಿಳ್ಳೆ ಇರಲಿಲ್ಲ.

"ದಪ್ಪ ಹಚ್ಚಿಬಿಟ್ಟೆ ಅನಸ್ತೈತಿ," ಎಂದಳು. "ಒಂದ ಸಲಕ್ಕ ದಪ್ಪ ಹಚ್ಚಿದ್ರ ಹಿಂಗ ಆಗ್ತೈತಿ. ಅಕ್ಕಾ, ಇಲ್ಲಿ ಹಸಿ ಇರಲಿಲ್ಲಲ್ಲ?"

"ಆ ಹಾಳಿ ನಾನ ಕೈಯಾರೆ ಎತ್ತಿ ನೋಡೇನಿ," ಎಂದೆ. ಅದೂ ಸುಳ್ಳಲ್ಲ.

ಕೊಯ್ದು ಮತ್ತೆ ಹಚ್ಚಲು ದಿನ ಉಳಿದಿರಲಿಲ್ಲ. ಅವಳು ಎದ್ದು ಕೆಳಗೆ ಹೋಗಿ, ಬೊಕ್ಕೆ ಎದ್ದಿದೆ, ತಪ್ಪು ತನ್ನ ಕೈಯದು ಎಂದು ಫಕೀರಪ್ಪನವರಿಗೆ ತಾನೇ ಹೇಳಿಬಂದಳು. ಅವರು ಬೈಯಲಿಲ್ಲವಂತೆ. ಹೋದ ವರ್ಷ ನನಗೆ ಬೈದಿದ್ದರು.

ಮಳೆದಿನ ನಸುಕಿನಲ್ಲೇ ಪುಸ್ತಕದ ಕಟ್ಟುಗಳನ್ನೆಲ್ಲ ಗೋಡೆಬದಿಗೆ ಸರಿಸಿದ್ದರು. ಹೊಲಿಯುವ ಹೆಂಗಸರು ಬೀದಿಯಲ್ಲಿ ಚಾಪೆ ಹಾಸಿ, ಚುರುಮುರಿ ಕಲಸುತ್ತ ಕೂತಿದ್ದರು. ಕಿಟಕಿಯಿಂದ ಯಂಕವ್ವ ಕೂಗಿದಳು: "ನೀಲವ್ವಾ, ಮ್ಯಾಲೆ ಪೂರಿ ಉಬ್ಬೇತಂತಲ್ಲ, ಪಲ್ಯಾ ನಾವು ತರಬೇಕೇನು?"

"ತಾ ಯಂಕವ್ವಾ, ಖಾರ ಕಡಿಮಿ ಹಾಕು," ಎಂದಳು ನೀಲಾ. ನಕ್ಕಳು ಕೂಡ, ಆದರೆ ಕೆನ್ನೆಯಲ್ಲಿ ಕುಳಿ ಬೀಳಲಿಲ್ಲ.

ಅವಳು ಸ್ಟೂಲನ್ನು ತಗ್ಗಿನ ಮೂಲೆಯ ಕೆಳಗೆ ಇಟ್ಟು ಕೂತಳು. ಕಡುನೀಲಿ ಸೀರೆ ಉಟ್ಟಿದ್ದಳು. ನಾನೂ ದಾವಲಸಾಬನೂ ಗೋಡೆಯ ಹತ್ತಿರ, ತಯಾರಿಯವರ ಜಾಗದಲ್ಲಿ. ಮಳೆ ಶುರುವಾಯಿತು. ತಲೆಯ ಮೇಲೆ ಕಲ್ಲುಗಾಡಿ ಹೊರಳಿದ ಸದ್ದು, ಕಿಟಕಿಯ ಆಚೆ ಬಿಸಿಲು. ಮಧ್ಯಾಹ್ನವಾಯಿತು, ಇಳಿಹೊತ್ತಾಯಿತು, ಏನೂ ಬೀಳಲಿಲ್ಲ. ನೀಲಾ ಇಡೀ ದಿನ ಕತ್ತು ಎತ್ತಿಯೇ ಕೂತಿದ್ದಳು. ಹನಿ ಬೀಳಲಿ ಎಂದು ಬಯಸಿದ್ದೆನೋ, ಬೀಳದಿರಲಿ ಎಂದೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ಬಿದ್ದರೆ ಅವಳು ಸೋಲುತ್ತಾಳೆ. ಬೀಳದಿದ್ದರೆ ಆ ಹಸಿಯ ಬಗ್ಗೆ ನಾನು ತಿಳಿದದ್ದೇ ತಪ್ಪು, ನನ್ನ ಕೆಲಸ ನನಗೇ ಗೊತ್ತಿಲ್ಲ ಎಂದಾಗುತ್ತದೆ. ಅವಳ ಕತ್ತು ಎಷ್ಟು ನೋಯುತ್ತಿರಬಹುದು ಎಂದು ಯೋಚಿಸಿದೆ. ಅಷ್ಟು ಉದ್ದದ ಕತ್ತು ನನಗಿಲ್ಲ ಎಂದೂ ಯೋಚಿಸಿದೆ.

ಮಳೆ ಇಳಿಮುಖವಾಗಿ, ಇನ್ನೇನು ನಿಲ್ಲಬೇಕು ಎನ್ನುವಾಗ ಒಂದು ಹನಿ ಬಿತ್ತು. ಒಂದೇ. ಅವಳ ಸೆರಗಿನ ಮೇಲೆ.

ಕಡುನೀಲಿಯ ಮೇಲೆ ಅದು ಬೆಳ್ಳಗಿತ್ತು, ಹಾಲು ಚೆಲ್ಲಿದಂತೆ. ಮಳೆನೀರು ಬೆಳ್ಳಗಿರುವುದಿಲ್ಲ. ಸಿಲಿಕೋನ್ ನೀರಿಗೆ ಕರಗುವುದಿಲ್ಲ. ನನ್ನ ಹಳೆಯ ಬಿಳಿ ಲೇಪದ ಕೆಳಗೆ, ಬಿರುಕಿನೊಳಗೆ ಒಂದು ವರ್ಷ ಕೂತ ನೀರು ಮಾತ್ರ ಆ ಬಣ್ಣಕ್ಕೆ ಬರುತ್ತದೆ. ನೀಲಾ ಅದನ್ನು ಬೆರಳಿನಿಂದ ಒತ್ತಿ, ಹೆಬ್ಬೆರಳಿಗೆ ತಿಕ್ಕಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ದಾವಲಸಾಬ ತನ್ನ ಪಾದಗಳನ್ನು ನೋಡುತ್ತಿದ್ದ.

ಮಳೆ ನಿಂತಿತು. ಫಕೀರಪ್ಪನವರು ಬಾಗಿಲು ತೆರೆದರು. ಹೊರಗೆ ಇಡೀ ಬೀದಿ ನೆರೆದಿತ್ತು. "ಹನಿ ಯಾರದು?"

"ನಂದ್ರಿ," ಎಂದು ನೀಲಾ ಎದ್ದು ನಿಂತಳು.

ಹನಿ ನನ್ನದೆಂದು ಗೊತ್ತಿದ್ದೂ ಎದ್ದಳು. ಬೀದಿಯಿಂದ "ಅಯ್ಯ" ಎಂಬ ಸದ್ದು ಬಂತು. "ಇರಲಿ ಬಿಡವ್ವಾ, ಒಂದ ಹನಿ," ಎಂದರು ಯಾರೋ. ಯಂಕವ್ವ ಕಣ್ಣೊರೆಸಿಕೊಂಡಳು. ಫಕೀರಪ್ಪನವರು ನೀಲಾಳ ತಲೆಯ ಮೇಲೆ ಕೈಯಿಡಲು ಹೊರಟವರು ಅರ್ಧಕ್ಕೆ ಕೈ ತಡೆದರು. ಹೋದ ವರ್ಷ ನಾನು ಎದ್ದಾಗ ಬೀದಿ ಸದ್ದಿಲ್ಲದೆ ಚದುರಿತ್ತು. ಇರಲಿ ಬಿಡು ಎಂದು ನನಗೆ ಒಬ್ಬರೂ ಅಂದಿರಲಿಲ್ಲ. ನನ್ನ ಕುರ್ಚಿ, ನನ್ನ ಮಾಳಿಗೆ, ನನ್ನ ದಾವಲಸಾಬ, ಈಗ ನನ್ನ ತಪ್ಪು. ಅದನ್ನೂ ಅವಳೇ ಎತ್ತಿಕೊಂಡು, ಅದರಿಂದಲೂ ಚೆಂದ ಕಾಣುತ್ತಿದ್ದಳು.

"ಅಲ್ಲ! ನಂದು!" ಎಂದು ಕೂಗಿದೆ.

"ಸುಮ್ಕಿರ್ರಿ ಅಕ್ಕಾ," ಎಂದಳು ನೀಲಾ, ಮೆಲ್ಲಗೆ.

"ನೀ ಸುಮ್ಕಿರು. ಇದು ನನ್ನ ಹನಿ. ನಿನಗ್ಯಾಕ ಕೊಡ್ಲಿ?"

"ಏನವ್ವಾ ಇದು," ಎಂದಳು ಯಂಕವ್ವ ಕಿಟಕಿಯಲ್ಲಿ. "ಹನೀಗೆ ಹರಾಜು ನಡದೇತಲ್ಲ!" ಜನ ನಗಲು ಶುರುಮಾಡಿದರು. ಆ ನಗುವಿನ ಮೇಲೆ ದನಿ ಏರಿಸಿ ನಾನು ಎಲ್ಲ ಹೇಳಿದೆ. ಹೋದ ವರ್ಷದ ಹಸಿ, ಒಂಬತ್ತನೆಯ ಹಾಳೆ, ಸೆರಗು. ಎರಡು ಸಲ ಒರೆಸಿದ್ದು. ಹೇಳುತ್ತ ಹೋದಂತೆ ನಗು ನಿಂತಿತು. ಪಶ್ಚಾತ್ತಾಪಕ್ಕೆ ಹೇಳಿದೆ ಎಂದು ಆಮೇಲೆ ಕೆಲವರು ನನ್ನನ್ನು ಹೊಗಳಿದ್ದುಂಟು. ಪಶ್ಚಾತ್ತಾಪವಲ್ಲ. ಅವಳಿಗೆ ಬಿಟ್ಟುಕೊಡಲಾಗಲಿಲ್ಲ, ಅಷ್ಟೇ.

ನೀಲಾ ಸೆರಗಿನ ಬಿಳಿ ಕಲೆಯನ್ನು ಒಳಗೆ ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಜನ ಬಿಟ್ಟುಕೊಟ್ಟ ದಾರಿಯಲ್ಲಿ ನಡೆದುಹೋದಳು.

ಹನಿ ನನ್ನದಾದ್ದರಿಂದ ಸರಿಪಡಿಸುವ ಕೆಲಸವೂ ನನ್ನದೇ. ಮಾಳಿಗೆ ನನಗೆ ಮರಳಿ ಸಿಕ್ಕಿತ್ತು. ಬೊಕ್ಕೆಯನ್ನು ಕೊಯ್ದು, ಬಿರುಕು ಬಿಡಿಸಿ, ಈ ಸಲ ಹನ್ನೊಂದು ದಿನ ಬಿಸಿಲಿಗೆ ಬಿಟ್ಟೆ. ದಾವಲಸಾಬ ಬಂದ, ಕೆಲಸ ಮಾಡಿದ, ಯಾವ ಸಾಲಿನದು ಎಂದು ಏನನ್ನೂ ಕೇಳಲಿಲ್ಲ. ಆದರೆ ಸಿಲಿಕೋನಿನ ಗುಂಡಿಗೆ ಸಿಲಿಕೋನೇ ಬೇಕು. ನೀಲಾಗೆ ಹೇಳಿಕಳಿಸಿದೆ. ಡಬ್ಬಿ ಹಿಡಿದು ಅವಳೇ ಬಂದಳು, ಮೆಟ್ಟಿಲಲ್ಲಿ ಸದ್ದಿಲ್ಲದೆ.

ಹಿಂದಿನ ದಿನ ಅಂಟಿಸಿದ ಹಾಳೆ ಅಲ್ಲೇ ಇತ್ತು. ನಾನು ಬೆಳಗಿನಿಂದ ಅದನ್ನೇ ಕಾಯುತ್ತ ಕೂತಿದ್ದೆ, ಮುಟ್ಟದೆ. ಹೊರಗಿನಿಂದಲೇ ಕಾಣುತ್ತಿತ್ತು. "ಒಣಗೇತಿ," ಎಂದೆ.

"ಸರೀರಿ ಕಸ್ತೂರಿ ಬಾಯಾರ," ಎಂದಳು ಅವಳು, ಎಲ್ಲರೂ ಕರೆಯುವ ಹಾಗೆ. ಡಬ್ಬಿ ಇಟ್ಟು, ನನ್ನನ್ನು ಬಳಸಿಕೊಂಡು ಹೋಗಿ ಮಂಡಿಯೂರಿದಳು. ನಾಲ್ಕೂ ಅಂಚಿನ ಟೇಪನ್ನು ಉಗುರಿನಿಂದ ನಿಧಾನಕ್ಕೆ ಬಿಡಿಸಿ, ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಹಿಂದೆ ನೋಡಿದಳು, ಮುಂದೆ ನೋಡಿದಳು. ಆಮೇಲೆ ಅದರ ಒಳಮೈಯನ್ನು ತನ್ನ ಬಲಗೆನ್ನೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇದ್ದಳು.

"ಹೂಂ," ಎಂದಳು. "ಒಣಗೇತಿ."

ಅದನ್ನು ಅವಳು ನನಗಲ್ಲ, ಹಾಳೆಗೆ ಹೇಳಿದಳು. ಮೂರು ಕಾಸಿನ ಆ ಪ್ಲಾಸ್ಟಿಕ್ಕಿನ ಮೇಲೆ ನನಗೆ ಅಂದು ಹುಟ್ಟಿದಷ್ಟು ಹೊಟ್ಟೆಕಿಚ್ಚು ಯಾರ ಮೇಲೂ ಹುಟ್ಟಿಲ್ಲ, ಅವಳ ಮೇಲೆ ಕೂಡ.